ಮೀಟರ್ ಬಾಕ್ಸಿನೊಳಗಿನ ನೋಟಿಸು

ಅಂಟಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಆಸ್ತಿ ದಾಖಲೆ ಕಚೇರಿಯಲ್ಲಿ ನೋಟಿಸು ಅಂಟಿಸುವ ಕೆಲಸಕ್ಕೆ ಸೇರಿದ ಮೇಲೆ ಅವನು ಊರಿಗೆಲ್ಲ ಅಂಟಣ್ಣನಾದ. ಅವನಿಗಿಂತ ಹಿರಿಯರೂ ಅಣ್ಣ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು, ಅವಳಿಗೆ ಸಿಟ್ಟು ಬರುತ್ತಿದ್ದುದು ಹೆಚ್ಚಾಗಿ ಸೌಟಿನ ವಿಷಯಕ್ಕೆ. ಕಚೇರಿಯವರು ಕೊಡುವ ಬಾಟಲಿ ಗೋಂದು ಬಿಸಿಲಿಗೆ ಸಿಪ್ಪೆಯೇಳುತ್ತದೆಂದು ಅಂಟಣ್ಣ ತನ್ನ ಅಂಟನ್ನು ತಾನೇ ಕಾಯಿಸುತ್ತಿದ್ದ. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವುವುದು ಅವನ ಬೆಳಗಿನ ಮೊದಲ ಕೆಲಸ. ಅದಕ್ಕೆಂದೇ ಬೇರೆ ಪಾತ್ರೆ, ಬೇರೆ ಸೌಟು ಇದ್ದವು. ಪಾತ್ರೆ ತನ್ನ ಜಾಗದಲ್ಲೇ ಇರುತ್ತಿತ್ತು, ಸೌಟು ಮಾತ್ರ ಹೇಗೋ ಊಟದ ಪಾತ್ರೆಗಳ ನಡುವೆ ಬಂದು ಕೂರುತ್ತಿತ್ತು.

ಕೆಲಸವೇನೋ ಹೇಳುವುದಕ್ಕೆ ಸುಲಭ. ಒಂದು ಮನೆಯನ್ನು ತನ್ನ ಹೆಸರಿಗೆ ದಾಖಲಿಸಿಕೊಡಿ ಎಂದು ಯಾರಾದರೂ ಅರ್ಜಿ ಹಾಕಿದರೆ ಕಚೇರಿ ನೋಟಿಸು ಹೊರಡಿಸುತ್ತದೆ: ಈ ಆಸ್ತಿ ಇಂಥವರ ಹೆಸರಿಗೆ ಹೋಗಲಿದೆ, ತಕರಾರಿದ್ದವರು ಒಂದು ತಿಂಗಳೊಳಗೆ ಬಂದು ಹೇಳಿ. ಅದರ ಒಂದು ಪ್ರತಿ ಕಚೇರಿಯ ಫಲಕಕ್ಕೆ. ಅಲ್ಲಿ ನೋಟಿಸಿನ ಮೇಲೆ ನೋಟಿಸು ಕೂತು ಹಾಸಿಗೆಯಷ್ಟು ದಪ್ಪವಾಗಿದ್ದುದರಿಂದ ಅದನ್ನು ಓದುವವರು ಯಾರೂ ಇರಲಿಲ್ಲ. ಇನ್ನೊಂದು ಪ್ರತಿ ಆ ಮನೆಯ ಮುಂಬಾಗಿಲಿಗೆ, ಕೆಳಗೆ ಅಂಟಿಸಿದವನ ಸಹಿಯೊಂದಿಗೆ. ಅಂಟಿಸುವಾಗ ಬೀದಿಗೆ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಬೇಕು. ಓದಿದ್ದನ್ನು ಕೇಳಿದೆವು ಎಂದು ನೆರೆಯವರಿಬ್ಬರು ಮೂರನೆಯ ಪ್ರತಿಗೆ ಸಹಿ ಹಾಕಬೇಕು. ತಿಂಗಳೊಳಗೆ ಯಾರೂ ಬಾಯಿ ಬಿಡದಿದ್ದರೆ ಹೆಸರು ದಾಖಲಾಗುತ್ತದೆ. ಆಮೇಲೆ ಅದನ್ನು ತಿದ್ದಿಸಬೇಕೆಂದರೆ ಕೋರ್ಟಿಗೆ ಹೋಗಬೇಕು, ಆ ಕೋರ್ಟಿನ ಮೆಟ್ಟಿಲನ್ನು ತಾತ ಹತ್ತಿದರೆ ಇಳಿಯುವುದು ಮೊಮ್ಮಗ ಎಂದು ಗುಮಾಸ್ತರೇ ನಗುತ್ತ ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಟಣ್ಣ ಎಲ್ಲವನ್ನೂ ನಿಯಮದಂತೆಯೇ ಮಾಡಿದ. ಬೈಗುಳವೂ ನಿಯಮದಂತೆಯೇ ಬಿತ್ತು. ಬಾಗಿಲಿಗೆ ಸರ್ಕಾರಿ ಕಾಗದ ಬಿತ್ತೆಂದರೆ ಬೀದಿಗೆಲ್ಲ ಬಾಯಿ ಬಂದಂತೆ. ಸಾಲ ಮಾಡಿ ಮುಳುಗಿದರಂತೆ, ಮನೆ ಹರಾಜಂತೆ, ಅಣ್ಣತಮ್ಮಂದಿರು ಹೊಡೆದಾಡಿಕೊಂಡರಂತೆ ಎಂದು ಕಾಗದ ಒಣಗುವ ಮೊದಲೇ ಸುದ್ದಿ ಮೂರು ಬೀದಿ ದಾಟುತ್ತಿತ್ತು. ಹೆಂಗಸರು ಕಣ್ಣೀರು ಹಾಕಿದ್ದರು. ಮುದುಕರೊಬ್ಬರು ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತು, "ಬೇಕಾದ್ರೆ ನನ್ನ ಬೆನ್ನಿಗೆ ಅಂಟಿಸಪ್ಪ" ಎಂದಿದ್ದರು. ಕೊನೆಗೊಂದು ದಿನ ಒಬ್ಬ ಮೇಷ್ಟ್ರು ಕೈ ಮುಗಿದರು. ಮರುದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಂಟಣ್ಣ ಆಚೀಚೆ ನೋಡಿದ. ಬಾಗಿಲ ಪಕ್ಕದಲ್ಲೇ ಕರೆಂಟಿನ ಮೀಟರ್ ಬಾಕ್ಸು ಇತ್ತು. ಅದರ ಮುಚ್ಚಳ ತೆರೆದು ಒಳಮೈಗೆ ನೋಟಿಸು ಅಂಟಿಸಿ ಮುಚ್ಚಿಬಿಟ್ಟ. ಮನೆಯ ಮೇಲೆ ಅಂಟಿಸಿದ್ದಂತೂ ನಿಜ, ಮೀಟರ್ ಬಾಕ್ಸು ಮನೆಯದೇ ತಾನೆ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೇಷ್ಟ್ರ ಮಗಳ ಮದುವೆಗೆ ಅಂಟಣ್ಣನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು.

ಹಾಗೆ ಶುರುವಾದದ್ದು ಪದ್ಧತಿಯಾಯಿತು. ಮೊದಮೊದಲು ಕೇಳಿಕೊಂಡವರಿಗೆ ಮಾತ್ರ, ಆಮೇಲೆ ಕೇಳಿಕೊಳ್ಳದವರಿಗೂ. ಮುಚ್ಚಳದೊಳಗೆ ಅಂಟಿಸಿದ್ದನ್ನು ಬೀದಿಯಲ್ಲಿ ನಿಂತು ಕೂಗಿ ಓದುವುದರಲ್ಲಿ ಅರ್ಥವಿಲ್ಲವಲ್ಲ, ಹಾಗಾಗಿ ಓದುವುದೂ ನಿಂತಿತು. ಸಹಿಗೆ ಪ್ರತಿ ಬಡಾವಣೆಯಲ್ಲೂ ಅವನಿಗೆ ಖಾಯಂ ಗಿರಾಕಿಗಳಿದ್ದರು. ಮೂಲೆಯ ಕ್ಷೌರದಂಗಡಿಯವನು ಸಾಬೂನಿನ ಕೈಯನ್ನು ಒರೆಸಿಕೊಳ್ಳದೆಯೇ ಸಹಿ ಗೀಚುತ್ತಿದ್ದ. ಎದುರಿನ ದಿನಸಿಯವನು ತೂಕದ ಮೇಲಿಂದ ಕಣ್ಣು ತೆಗೆಯದೆ ಗೀಚುತ್ತಿದ್ದ.

"ಏನು ಕೇಳಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಏನಪ್ಪಾ ಹೇಳ್ತೀರಿ?" ಎಂದು ಅಂಟಣ್ಣ ಒಮ್ಮೆ ತಮಾಷೆ ಮಾಡಿದ್ದ.

"ನೀನು ಓದಿದ್ದನ್ನ ಕೇಳಿದ್ವಿ ಅಂತೀವಿ," ಎಂದ ಕ್ಷೌರದವನು. "ನೀನು ಏನು ಓದಿದ್ರೂ ನಾವು ಕೇಳೋರೇ."

ಜನರ ಮಾನ ಉಳಿಸುವವನು ಎಂದು ಅಂಟಣ್ಣನಿಗೆ ಹೆಸರು ಬಂತು. ಅವನು ಹೋದ ಕಡೆ ನೆರಳಿಗೆ ಕುರ್ಚಿ ಬರುತ್ತಿತ್ತು, ಟೀ ಬರುತ್ತಿತ್ತು. ಅವನಿಗೆ ಅದು ಇಷ್ಟವಾಗಿತ್ತು, ಯಾರಿಗೆ ಇಷ್ಟವಾಗುವುದಿಲ್ಲ? ಆದರೆ ನಿಜ ಹೇಳಬೇಕೆಂದರೆ, ಕನಿಕರ ಎಲ್ಲಿ ಮುಗಿದು ಮೈಗಳ್ಳತನ ಎಲ್ಲಿ ಶುರುವಾಯಿತೆಂದು ಅವನಿಗೇ ಗೊತ್ತಿರಲಿಲ್ಲ. ವಯಸ್ಸು ನಿವೃತ್ತಿಯ ಹತ್ತಿರ ಬಂದಿತ್ತು. ಎಡಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿತ್ತು. ಬಿಸಿಲಿನಲ್ಲಿ ನಿಂತು ಗಂಟಲು ಹರಿದುಕೊಂಡು ಓದಿ, ಬೈಸಿಕೊಂಡು, ಮುಂದಿನ ಮನೆಗೆ ಕಾಲೆಳೆದುಕೊಂಡು ಹೋಗುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಅವನು ದಣಿದಿದ್ದ, ದಣಿದವನಿಗೆ ಮುಚ್ಚಳ ದೊಡ್ಡ ಅನುಕೂಲ.

ಈ ಅಂಟಣ್ಣನಿಗೆ ಒಬ್ಬಳು ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಬೆಳೆಸಿದವಳು ಅವಳೇ. ಖಾಸಗಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ, ಈ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಅಲ್ಲಿಯ ಹಬೆಯಲ್ಲಿ ದಿನವಿಡೀ ನಿಂತು ಬಂದು, ಸಂಜೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು. ಅವಳು ತಿದ್ದಿಸಿರದಿದ್ದರೆ ಅವನಿಗೆ ಈ ನೌಕರಿ ಸಿಗುತ್ತಿರಲಿಲ್ಲ. ಭಾವ ಬಸ್ಸುಗಳಿಗೆ ಬಣ್ಣ ಹೊಡೆಯುವವರು. ಭಾವ ಮತ್ತು ಅವರ ತಮ್ಮ ಸೇರಿ ತಂದೆಯ ಸಣ್ಣ ಮನೆಯ ಮೇಲೆ ಮಹಡಿ ಕಟ್ಟಿದರು. ಕೆಳಗೆ ಅಣ್ಣ, ಮೇಲೆ ತಮ್ಮ. ದಾಖಲೆ ಮಾತ್ರ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿಯಿತು. ಜಗಳವಿಲ್ಲದ ಮನೆಯಲ್ಲಿ ಕಾಗದವನ್ನು ಯಾರು ನೋಡುತ್ತಾರೆ? ಊರಿನ ನೋಟಿಸನ್ನೆಲ್ಲ ಹೊತ್ತು ತಿರುಗುವ ಅಂಟಣ್ಣನಿಗೂ ಅದು ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಭಾವ ತೀರಿಕೊಂಡ ಮೇಲೆ ಅಕ್ಕ ಕೆಳಗಿನ ಮುಂಭಾಗದ ಕೋಣೆ ಮತ್ತು ಅಡುಗೆಮನೆಯಲ್ಲಿ ಒಬ್ಬಳೇ ಉಳಿದಳು. ಅವಳಿಗೆ ಮಕ್ಕಳಿರಲಿಲ್ಲ.

ಒಂದು ದಿನ ರವಾನೆ ಗುಮಾಸ್ತ ಕೊಟ್ಟ ಕಟ್ಟಿನಲ್ಲಿ ಆ ಮನೆಯ ನಂಬರಿತ್ತು. ಅಂಟಣ್ಣ ಓದಿದ. ಮತ್ತೆ ಓದಿದ. ತಾನು ಮೃತರ ಏಕೈಕ ವಾರಸುದಾರನೆಂದೂ ಮನೆಯನ್ನು ತನ್ನೊಬ್ಬನ ಹೆಸರಿಗೆ ದಾಖಲಿಸಬೇಕೆಂದೂ ಅಕ್ಕನ ಮೈದುನ ಅರ್ಜಿ ಹಾಕಿದ್ದ.

"ಏನ್ ಅಂಟಣ್ಣ, ಕಲ್ಲಾಗಿಬಿಟ್ರಿ?" ಎಂದ ಗುಮಾಸ್ತ.

"ಏನಿಲ್ಲ. ಕನ್ನಡಕ ಮಸುಕಾಗಿದೆ," ಎಂದು ಅಂಟಣ್ಣ ನೋಟಿಸನ್ನು ಚೀಲಕ್ಕೆ ಹಾಕಿದ.

ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಮೈದುನ ಗೇಟಿನಲ್ಲೇ ನಿಂತಿದ್ದ. ಅವನದೊಂದು ಗಾಜಿನ ಅಂಗಡಿ, ಕಿಟಕಿಗೆ ಗಾಜು ಕತ್ತರಿಸಿ ಕೂರಿಸುವ ಕೆಲಸ. ಮಾತು ಮೆತ್ತಗೆ, ನಡೆ ಮೆತ್ತಗೆ. ಆ ಹೊತ್ತಿಗೆ ಅಂಗಡಿ ಬಿಟ್ಟು ಮನೆಯಲ್ಲಿ ಇರುವವನಲ್ಲ. ನೋಟಿಸು ಬರುವುದು ಗೊತ್ತಿದ್ದೇ ನಿಂತಿದ್ದ.

"ಬಾ ಅಣ್ಣ. ನೀನೇ ಬರ್ತೀಯ ಅಂತ ಗೊತ್ತಿತ್ತು."

"ಇದೇನಪ್ಪ ಇದು? ಏಕೈಕ ಅಂತ ಬರೆದಿದ್ದೀಯ. ನಮ್ಮಕ್ಕ?"

"ಅಯ್ಯೋ, ಅದು ಬರೀ ಕಾಗದದ ಭಾಷೆ ಕಣಣ್ಣ. ಒಬ್ಬರ ಹೆಸರಲ್ಲಿದ್ರೆ ತೆರಿಗೆ ಕಟ್ಟೋಕೆ ಸುಲಭ, ನೀರಿನ ಕನೆಕ್ಷನ್ನಿಗೆ ಸುಲಭ. ಅತ್ತಿಗೆ ಹತ್ರ ಮಾತಾಡಿದ್ದೀನಲ್ಲ."

"ಏನಂದ್ಲು?"

"ಏನಂತಾರೆ? ನಿನ್ನಿಷ್ಟ ಅಂದ್ರು. ಅತ್ತಿಗೆಯನ್ನ ನಾನು ಬೀದಿಗೆ ಹಾಕ್ತೀನಾ? ನೀನೇ ಹೇಳು."

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಏನು ಮಾತಾಡಿದ, ಯಾವಾಗ ಮಾತಾಡಿದ ಎಂದು ಕೇಳಬಹುದಿತ್ತು. ಅಂಟಣ್ಣ ಕೇಳಲಿಲ್ಲ. ಮಂಡಿ ಸಿಡಿಯುತ್ತಿತ್ತು. ಅಕ್ಕನ ಬೀದಿಯಲ್ಲಿ ನಿಂತು ಅಕ್ಕನ ಮನೆಯ ವಿಷಯ ಕೂಗಿ ಓದುವುದನ್ನು ನೆನೆಸಿಕೊಂಡೇ ಅವನಿಗೆ ಬೆವರು ಬಂತು. ಊರವರ ಮಾನವನ್ನೆಲ್ಲ ಕಾದವನು ಸ್ವಂತ ಅಕ್ಕನ ಮಾನವನ್ನು ಹರಾಜು ಹಾಕುವುದೇ? ಮೆಟ್ಟಿಲ ಕೆಳಗಿನ ಮೀಟರ್ ಬಾಕ್ಸಿನ ಮುಚ್ಚಳ ತೆಗೆದ. ಅಂಟು ಸವರಿದ, ಅಂಗೈಯಿಂದ ಒತ್ತಿದ, ಸಹಿ ಹಾಕಿದ, ಮುಚ್ಚಿದ. ಒಳಗೆ ಹೋಗಿ ಅಕ್ಕನಿಗೆ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡ.

ಅಕ್ಕ ಆಗಷ್ಟೇ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಕೈಗಳಿನ್ನೂ ಹಬೆಗೆ ಕೆಂಪಗಿದ್ದವು.

"ಕುಂಟ್ತಾ ಇದ್ದೀಯಲ್ಲೋ. ಡಾಕ್ಟರ್ ಹತ್ರ ಹೋಗು ಅಂದ್ರೆ ಕಿವಿಗೆ ಹತ್ತಿ ಇಟ್ಕೊಂಡಿದ್ದೀಯ. ಕೂತ್ಕೋ."

ಬಿಸಿನೀರಿನ ಚೀಲ ತಂದು ಮಂಡಿಯ ಮೇಲಿಟ್ಟಳು. ಟೀ ತಂದಳು. ಎದುರಿಗೆ ಕುಳಿತು ಆಸ್ಪತ್ರೆಯ ಹೊಸ ಇಸ್ತ್ರಿ ಯಂತ್ರವನ್ನು ಬೈದಳು. ಅಂಟಣ್ಣ ಬಾಯಿ ತೆರೆದಾಗಲೆಲ್ಲ ಮಹಡಿಯ ಮೆಟ್ಟಿಲಿನ ಮೇಲೆ ಮೈದುನನ ಚಪ್ಪಲಿ ಸದ್ದಾಗುತ್ತಿತ್ತು.

"ನಿನ್ನ ಮೈದುನ ಹೇಗಿದ್ದಾನೆ?" ಎಂದ ಕೊನೆಗೆ.

"ಅವನಿಗೇನು, ಚೆನ್ನಾಗಿದ್ದಾನೆ. ಮೊನ್ನೆ ಜ್ವರ ಬಂದಾಗ ಅವನ ಹೆಂಡ್ತೀನೇ ಗಂಜಿ ಮಾಡ್ಕೊಟ್ಳು. ನಿಮ್ಮ ಭಾವ ಹೋದ್ಮೇಲೆ ಇವರೇ ಅಲ್ವೇನೋ ನನಗೆ."

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳಿಗೆ ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾಳೆ ಎಂದು ಅಂಟಣ್ಣ ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು, ಕೇಳುವುದು ಕಷ್ಟವಾಗಿತ್ತು. ಟೀ ಮುಗಿಸಿ ಹೊರಟ. ಅಕ್ಕನ ಬೀದಿಯ ಮೂಲೆಯ ಆ ಕ್ಷೌರದವನೂ ಎದುರಿನ ದಿನಸಿಯವನೂ ಎಂದಿನಂತೆ ಸಹಿ ಹಾಕಿಕೊಟ್ಟರು.

ಮನೆಯಲ್ಲಿ, ನಡೆದದ್ದನ್ನು ಕೇಳಿದ ಹೆಂಡತಿ ಬಿಡಲಿಲ್ಲ.

"ನಿಮ್ಮಕ್ಕನಿಗೆ ಹೇಳಿದ್ರಾ?"

"ಅವಳಿಗೆ ಗೊತ್ತಂತೆ."

"ಹಾಗಂತ ಯಾರು ಹೇಳಿದ್ದು?"

"ಅವಳ ಮೈದುನ."

"ಚೆನ್ನಾಗಿದೆ! ಕಳ್ಳನ ಕೈಗೆ ಬೀಗದ ಕೈ ಕೊಟ್ಟು, ಬಾಗಿಲು ಭದ್ರ ಮಾಡ್ದೆ ಅಂತ ಬಂದಿದ್ದೀರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿಮ್ಮನ್ನ ನೋಡೇ ಹೇಳಿರಬೇಕು. ನಾಳೇನೇ ಹೋಗಿ ಬಾಯಿ ಬಿಟ್ಟು ಹೇಳಿ."

ಮರುದಿನ ಹೋಗಲಿಲ್ಲ, ಕಚೇರಿಯಲ್ಲಿ ಕೆಲಸವಿತ್ತು. ರಜೆಯ ದಿನ ಹೋದ. ಅಕ್ಕನಿಗೆ ಅಂದು ಹೆಚ್ಚುವರಿ ಪಾಳಿ ಬಿದ್ದಿತ್ತು, ಬಾಗಿಲಿಗೆ ಬೀಗ. ಬೀಗ ಕಂಡದ್ದೇ ತಡ, ಅಂಟಣ್ಣನಿಗೆ ಹಾಯೆನಿಸಿತು. ಹೇಳಲು ಹೋದೆ, ಅವಳಿರಲಿಲ್ಲ, ನನ್ನ ತಪ್ಪೇನು ಎಂದುಕೊಂಡು ಬಸ್ಸು ಹತ್ತಿದ. ಆಮೇಲೆ ಅವನನ್ನು ಸುಟ್ಟದ್ದು ಆ ಹಾಯೆನಿಸಿದ್ದೇ. ಇಂದು, ನಾಳೆ ಎನ್ನುವಷ್ಟರಲ್ಲಿ ತಿಂಗಳು ಉರುಳಿತು. ತಕರಾರು ಬರಲಿಲ್ಲ, ಹೆಸರು ದಾಖಲಾಯಿತು.

ಕೆಲವು ವಾರಗಳ ಮೇಲೆ ಅಂಟಣ್ಣ ಕಚೇರಿಯ ಪಡಸಾಲೆಯಲ್ಲಿ ಅಂಟಿನ ಡಬ್ಬಿ ತೊಳೆಯುತ್ತಿದ್ದಾಗ ವಿಚಾರಣೆ ಕಿಟಕಿಯ ಸಾಲಿನಲ್ಲಿ ಅಕ್ಕ ಕಂಡಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ತಮ್ಮ ಇದೇ ಕಚೇರಿಯವನೆಂಬ ಸಲುಗೆಯಿಂದ ಅವಳು ಎಂದೂ ನೇರ ಒಳಗೆ ಬಂದವಳಲ್ಲ, ಈಗಲೂ ಬರಲಿಲ್ಲ. ಅವನು ಕುಂಟುತ್ತ ಹೋಗಿ ಅವಳನ್ನು ಸಾಲಿನಿಂದ ಈಚೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ.

"ನಿನ್ನೆ ನನ್ನ ಮೈದುನ ಒಬ್ಬನನ್ನ ಕರ್ಕೊಂಡು ಬಂದಿದ್ದ. ಟೇಪು ಹಿಡಿದು ನನ್ನ ಕೋಣೆ ಅಳೆದ್ರು," ಎಂದಳು ಅಕ್ಕ. "ಮುಂದಿನ ಕೋಣೆ ಅಂಗಡಿಗೆ ಬಾಡಿಗೆಗೆ ಕೊಡ್ತಾನಂತೆ. ನನ್ನ ಮಂಚ ನೀರಿನ ತೊಟ್ಟಿ ಪಕ್ಕದ ಸಾಮಾನು ಕೋಣೆಗೆ ಹಾಕ್ಕೋಬೇಕಂತೆ. ಯಾಕಪ್ಪ ಅಂದ್ರೆ ಕಾಗದ ತೋರಿಸಿದ. ಮನೆ ಪೂರ್ತಿ ಅವನದಂತೆ."

"ನಿನ್ನ ಹತ್ರ ಮಾತಾಡಿದ್ದೀನಿ ಅಂದಿದ್ದ," ಎಂದ ಅಂಟಣ್ಣ.

"ತೆರಿಗೆ ಕಟ್ಟೋಕೆ ಹೋಗ್ತೀನಿ ಅಂದಿದ್ದ. ಹೋಗಪ್ಪ ಅಂದಿದ್ದೆ."

"ನೋಟಿಸು..." ಎಂದು ಅವನು ಶುರು ಮಾಡಿದ. ಮೀಟರ್ ಬಾಕ್ಸಿನ ಒಳಗಿತ್ತು, ನಿನಗೆ ಕಾಣಲಿಲ್ಲ, ತಪ್ಪು ನನ್ನದು ಎಂದು ಹೇಳಬೇಕಿತ್ತು.

"ನೋಡಿದ್ದೆ," ಎಂದಳು ಅಕ್ಕ.

"ಏನು?"

"ನೋಟಿಸು ನೋಡಿದ್ದೆ ಕಣೋ. ನೀನು ಬಂದುಹೋದ ವಾರದಲ್ಲೇ ಒಂದಿನ ಸಂಜೆ ಫ್ಯೂಸ್ ಹೋಯ್ತು. ಟಾರ್ಚ್ ಹಿಡ್ಕೊಂಡು ಮುಚ್ಚಳ ತೆಗೆದೆ. ಪೂರ್ತಿ ಓದ್ದೆ."

"ಓದಿ ಸುಮ್ನಿದ್ಯಾ? ತಕರಾರಿದ್ರೆ ಬನ್ನಿ ಅಂತ ಬರೆದಿತ್ತಲ್ಲಕ್ಕ!"

"ಕೆಳಗೆ ನಿನ್ನ ಸಹಿ ಇತ್ತು."

"ಅದಕ್ಕೆ?"

"ಅದಕ್ಕೇ ಸುಮ್ನಿದ್ದೆ. ನನಗೆ ಕೆಟ್ಟದ್ದಾಗೋ ಕಾಗದ ಆಗಿದ್ರೆ, ನನ್ನ ತಮ್ಮ ಅದನ್ನ ಅಂಟಿಸಿ, ಒಳಗೆ ಬಂದು ಟೀ ಕುಡಿದು, ಮಂಡಿಗೆ ಶಾಖ ತಗೊಂಡು, ಏನೂ ಹೇಳದೆ ಹೋಗ್ತಿರ್ಲಿಲ್ಲ ಅಂದ್ಕೊಂಡೆ."

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಒಂದಿಷ್ಟು ಸುಲಭವಾಗುತ್ತಿತ್ತು. ಪಡಸಾಲೆಯಲ್ಲಿ ಜನ ಓಡಾಡುತ್ತಿದ್ದರು, ಕಿಟಕಿಯಲ್ಲಿ ಯಾರೋ ಮುದ್ರೆ ಒತ್ತುವ ಸದ್ದು ಬರುತ್ತಿತ್ತು. ಅಂಟಣ್ಣನಿಗೆ ತಲೆ ಎತ್ತಲಾಗಲಿಲ್ಲ. ತಾನು ಮುಚ್ಚಳ ಮುಚ್ಚಿ ಬಂದ ಮನೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಆ ಮನೆಗಳಲ್ಲಿ ಯಾರು ಮುಚ್ಚಳ ತೆಗೆದರೋ, ಯಾರು ತೆಗೆಯಲೇ ಇಲ್ಲವೋ, ಯಾರ ಮಂಚ ಯಾವ ಸಾಮಾನು ಕೋಣೆಗೆ ಹೋಯಿತೋ, ಅವನು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಕಿಟಕಿಯ ಗುಮಾಸ್ತ ಅಕ್ಕನಿಗೆ ಏನು ಹೇಳುತ್ತಾನೆಂದು ಅಂಟಣ್ಣನಿಗೆ ಗೊತ್ತಿತ್ತು: ಅವಧಿ ಮುಗಿದಿದೆ, ಕೋರ್ಟಿಗೆ ಹೋಗಿ. ಕಚೇರಿ ತಾನೇ ತಿದ್ದಬಹುದಾದ ದಾರಿ ಒಂದೇ ಒಂದಿತ್ತು. ನೋಟಿಸನ್ನೇ ನಿಯಮದಂತೆ ಅಂಟಿಸಿಲ್ಲ, ಓದಿಲ್ಲ ಎಂದಾದರೆ ದಾಖಲೆ ರದ್ದಾಗಿ ಎಲ್ಲವೂ ಮೊದಲಿನಿಂದ ನಡೆಯಬೇಕು. ಅದನ್ನು ಹೇಳಬಲ್ಲವನು ಅಂಟಿಸಿದವನೇ. ಅಂಟಣ್ಣ ಅಕ್ಕನನ್ನು ಕರೆದುಕೊಂಡು ಅಧಿಕಾರಿಯ ಕೋಣೆಗೆ ಹೋದ.

ಅಧಿಕಾರಿ ಮೇಡಮ್ಮಿಗೆ ಅಂದು ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ ಹಿಡಿದೇ ಕಡತ ತಿರುವಿದರು.

"ಇಲ್ಲಿ ಎಲ್ಲ ಸರಿಯಾಗೇ ಇದೆಯಲ್ಲ. ನಿಮ್ಮ ಸಹಿ, ಕೇಳಿದವರ ಸಹಿ. ಬಾಗಿಲಿಗೆ ಅಂಟಿಸಿದ್ದೀರಿ ತಾನೆ?"

"ಇಲ್ಲ ಮೇಡಂ. ಮೀಟರ್ ಬಾಕ್ಸ್ ಒಳಗೆ."

"ಓದಿದ್ರಾ?"

"ಇಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ನೋಡಿ, ನೀವು ಹೇಳಿದ್ದನ್ನ ನಾನು ಬರ್ಕೋಬೇಕಾಗುತ್ತೆ. ವಿಚಾರಣೆ ಬರುತ್ತೆ. ನಿವೃತ್ತಿಗೆ ಎಷ್ಟಿದೆ ನಿಮಗೆ? ಪಿಂಚಣಿ ಎಲ್ಲ ತಡೆಹಿಡೀತಾರೆ. ಇನ್ನೊಂದ್ಸಲ ಯೋಚನೆ ಮಾಡಿ."

"ಬರ್ಕೊಳ್ಳಿ ಮೇಡಂ."

ಆಗ ಅಕ್ಕ ಬಾಯಿ ಹಾಕಿದಳು. "ಮೇಡಂ, ನಾನು ನೋಟಿಸು ನೋಡಿದ್ದು ನಿಜ. ಸುಳ್ಳು ಹೇಳಲ್ಲ."

"ಅಮ್ಮಾ, ನೀವು ನೋಡಿದ್ರೋ ಇಲ್ವೋ ಅನ್ನೋದಲ್ಲ ಪ್ರಶ್ನೆ. ಬೀದಿ ಕೇಳ್ತಾ ಅನ್ನೋದು," ಎಂದರು ಮೇಡಂ. ಬರೆದುಕೊಂಡರು. ಬರೆಯುತ್ತ ಬರೆಯುತ್ತ ತಲೆಯೆತ್ತಿ, "ಇದೊಂದೇನಾ, ಬೇರೆಯವೂ..." ಎಂದು ಶುರು ಮಾಡಿ ಅಂಟಣ್ಣನ ಮುಖ ನೋಡಿದರು. ಮೂಗು ಒರೆಸಿಕೊಂಡರು. "ಬೇಡ. ಅದನ್ನ ನಾನು ಕೇಳಲಿಲ್ಲ. ಕೇಳಿದ್ರೆ ಊರೇ ಎದ್ದು ಬಂದು ಈ ಬಾಗಿಲಲ್ಲಿ ನಿಲ್ಲುತ್ತೆ."

ದಾಖಲೆ ರದ್ದಾಯಿತು. ಹೊಸ ನೋಟಿಸಿಗೆ ಆದೇಶವಾಯಿತು. ಅದನ್ನು ಅಂಟಿಸಲು ಹೋಗುವವನು ಯಾರು? ಕಚೇರಿಯಲ್ಲಿದ್ದುದು ಒಂದೇ ಹುದ್ದೆ. ವಿಚಾರಣೆ ಶುರುವಾಗುವವರೆಗೆ ಅಂಟಣ್ಣನೇ ಹೋಗಬೇಕೆಂದು ಮೇಡಂ ಹೇಳಿದರು.

ಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. "ಸರಿಯಾದ್ದನ್ನೇ ಮಾಡಿದ್ದೀರಿ," ಎಂದಳು. "ಪಿಂಚಣಿ ಬರ್ಲಿಲ್ಲ ಅಂದ್ರೆ ಏನು ತಿನ್ನೋಣ, ನಿಮ್ಮ ಅಂಟನ್ನಾ?" ಎಂದೂ ಕೇಳಿದಳು. ಇಬ್ಬರೂ ಬೇಗ ಮಲಗಿದರು.

ಹೊಸ ನೋಟಿಸು ಹಿಡಿದು ಅಂಟಣ್ಣ ಅಕ್ಕನ ಬೀದಿಗೆ ಹೋದದ್ದು ಸಂಜೆ, ಜನ ಕೆಲಸದಿಂದ ಮರಳುವ ಹೊತ್ತಿಗೆ. ಮುಂಬಾಗಿಲಿನ ನಟ್ಟನಡುವೆ, ಎದೆಮಟ್ಟಕ್ಕೆ ಅಂಟಿಸಿದ. ತಿರುಗಿ ಬೀದಿಗೆ ಮುಖ ಮಾಡಿ ನಿಂತ. ಎಷ್ಟೋ ವರ್ಷದಿಂದ ಓದದ ಗಂಟಲು, ಮೊದಲ ಸಾಲಿಗೇ ಒಡೆಯಿತು. ಕೆಮ್ಮಿ ಮತ್ತೆ ಶುರು ಮಾಡಿದ.

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ..."

ಎದುರು ಮನೆಯ ಕಿಟಕಿ ತೆರೆಯಿತು. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. ಕ್ಷೌರದವನು ಕೈಯಲ್ಲಿ ಕತ್ತರಿ ಹಿಡಿದೇ ಬಂದ, ಅವನ ಹಿಂದೆ ಅರ್ಧ ಕತ್ತರಿಸಿದ ತಲೆಯ ಗಿರಾಕಿ. ದಿನಸಿಯವನು ಅಂಗಡಿ ಬಿಟ್ಟು ಬಂದ. ಮೈದುನ ಮಹಡಿಯಿಂದ ದಡದಡ ಇಳಿದ.

"ಏನಣ್ಣ ಇದು ಬೀದಿ ರಂಪ? ಮನೆ ವಿಷಯ ಮನೆಯೊಳಗೆ ಮಾತಾಡ್ಬಹುದಿತ್ತಲ್ಲ!"

ಅಂಟಣ್ಣ ಓದುತ್ತಲೇ ಹೋದ. "...ಮೃತರ ಏಕೈಕ ವಾರಸುದಾರರೆಂದು ಅರ್ಜಿ ಸಲ್ಲಿಸಿರುತ್ತಾರೆ..."

"ಏಕೈಕ ಅಂದ್ರೆ?" ಎಂದ ಕ್ಷೌರದವನು ಗಟ್ಟಿಯಾಗಿ. "ದೊಡ್ಡೋರ ಹೆಂಡ್ತಿ ಇಲ್ವಾ? ಮಹಡಿ ಕಟ್ಟಿದಾಗ ಆ ಪುಣ್ಯಾತ್ಮ ರಜೆ ದಿನ ಎಲ್ಲ ಇಟ್ಟಿಗೆ ಹೊತ್ತಿದ್ದು ನಾವೇ ನೋಡಿಲ್ವಾ?"

"ಅದೇ ನಾನೂ ಅನ್ಕೊಂಡೆ," ಎಂದ ದಿನಸಿಯವನು. ಕಿಟಕಿಯ ಹೆಂಗಸೂ ಹೌದೆಂದಳು. ಇಷ್ಟೂ ಜನ ಇಷ್ಟೂ ವರ್ಷ ಇಲ್ಲೇ ಇದ್ದರು, ಎಲ್ಲವೂ ಇವರಿಗೆ ಗೊತ್ತಿತ್ತು. ಅವರ ಕಿವಿಗೆ ಬೀಳುವಂತೆ ಓದುವವನೊಬ್ಬ ಬೇಕಿತ್ತು, ಅಷ್ಟೆ. ಗಟ್ಟಿಯಾಗಿ ಓದಬೇಕೆಂಬ ನಿಯಮ ಏಕಿದೆ ಎಂಬುದು ಅಂಟಣ್ಣನಿಗೆ ನಿವೃತ್ತಿಯ ಹೊಸ್ತಿಲಲ್ಲಿ ತಿಳಿಯಿತು.

ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಓದು ಮುಗಿದ ಮೇಲೆ ಮೈದುನನ ಕಡೆ ನೋಡದೆ, ಬೀದಿಗೆ ಕೇಳುವಂತೆ ಹೇಳಿದಳು:

"ನನ್ನ ತಕರಾರಿದೆ. ಬರ್ಕೋ."

ಅಂಟಣ್ಣ ಬರೆದುಕೊಂಡ. ಅವಳು ಕಾಗದವನ್ನು ಬಾಗಿಲಿಗೆ ಒತ್ತಿಹಿಡಿದು ಸಹಿ ಹಾಕಿದಳು. ಕ್ಷೌರದವನು ಈ ಸಲ ಕೈ ಒರೆಸಿಕೊಂಡು ಸಹಿ ಹಾಕಿದ. ಮೈದುನ ಮಹಡಿ ಹತ್ತಿ ಬಾಗಿಲು ಜೋರಾಗಿ ಹಾಕಿಕೊಂಡ. ಇನ್ನು ಆ ಮೆಟ್ಟಿಲಿನಿಂದ ಗಂಜಿ ಬರುವುದಿಲ್ಲ, ಮಾತೂ ಬರುವುದಿಲ್ಲ. ತಕರಾರಿನ ವಿಚಾರಣೆ ಯಾವ ಕಾಲಕ್ಕೆ ಮುಗಿಯುವುದೋ, ಅಲ್ಲಿಯವರೆಗೆ ಒಂದೇ ಗೇಟಿನಲ್ಲಿ ಮುಖ ತಿರುಗಿಸಿಕೊಂಡು ಓಡಾಡಬೇಕು. ಅಕ್ಕನಿಗೆ ಅದೆಲ್ಲ ಗೊತ್ತಿತ್ತು, ಅವಳ ಮುಖ ಹಾಗೇ ಹೇಳುತ್ತಿತ್ತು.

ಜನ ಚದುರಿದರು. ಅಂಟಣ್ಣ ಬ್ರಷ್ಷು ಒರೆಸಿ ಚೀಲಕ್ಕೆ ಹಾಕಿ ನಿಂತ. ಮಂಡಿ ನೋಯುತ್ತಿತ್ತು. ಒಳಗೆ ಬಾ ಎಂದು ಅವಳು ಕರೆಯಬಹುದೆಂದು ಕಾದ. ಅಕ್ಕ ಅವನನ್ನು ನೋಡಿದಳು, ಅವನ ಮಂಡಿಯನ್ನೂ ನೋಡಿದಳು.

"ಒಳಗೆ ಬಾ ಅನ್ನೋಕೆ ಇದು ಯಾರ ಮನೆ ಅಂತ ಇನ್ನೂ ತೀರ್ಮಾನ ಆಗ್ಬೇಕಲ್ಲೋ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಚೀಲದಲ್ಲಿ ಇನ್ನೂ ಇವೆಯಾ?"

"ಇವೆ. ಹಿಂದಿನ ಬೀದಿಗೆ ಒಂದು, ಕಾಲುವೆ ಆಚೆಗೆ ಎರಡು."

"ಹಾಗಾದ್ರೆ ಹೊರಡು. ಅಲ್ಲೂ ಯಾರೋ ಯಾರನ್ನೋ ನಂಬ್ಕೊಂಡು ಕೂತಿರ್ತಾರೆ. ಗಟ್ಟಿಯಾಗಿ ಓದು."